ಜುಮ್ಮನಕಾಯಿ, ಐದು ರೂಪಾಯಿಯದು

ಕೋಡಿಬಾಗದ ನಮ್ಮ ಕೇರಿಯಲ್ಲಿ
ಪಾಸು ಇದ್ದದ್ದು ನನಗೊಬ್ಬನಿಗೆ.
ಅಂಚೆಯವ. ಖಾಕಿ ಚೀಲ, ಚೈನು ಸಡಿಲಾದ ಸೈಕಲ್ಲು.
ಕಾಗದ ಬರುವುದು ನಿಂತಿತ್ತು,
ಚೀಟಿ ಬರುವುದು ಸುರುವಾಯಿತು.

ಇಪ್ಪತ್ತೆರಡು ವರ್ಷ
ಮಂದಿಯ ಕಾಗದ ಓದದೆ ಹಂಚಿದವ ನಾನು.
ಈಗ ಓದಲೇಬೇಕು:
ತೊಗರಿಬೇಳೆ ಅರ್ಧ ಕಿಲೊ, ಅರ್ಧವನ್ನು ಹೊಡೆದು ಕಾಲು,
ಬಟಾಟೆ, ನೀರುಳ್ಳಿ, ಮೊಳಕೆಗೆ ಹೆಸರು,
ಚಹಾಪುಡಿ ಸಣ್ಣ ಪೊಟ್ಟಣ,
ಸಕ್ಕರೆ ಬೇಡ.
ಆ ‘ಬೇಡ’ದ ಮೇಲೆ ಪೆನ್ನು ಎರಡು ಸಲ ಓಡಿತ್ತು.
ಪಾಸ್ಕೋಲನ ಹೆಂಡತಿಯ ಅಕ್ಷರ;
ಮಸ್ಕತ್ತಿನ ದುಡ್ಡು ಬರದೆ ಎರಡನೆಯ ತಿಂಗಳು.

ಶಾನಭಾಗರ ಅಂಗಡಿಯ ಮುಂದೆ ಸುಣ್ಣದ ವೃತ್ತ.
ಒಳಗೆ ನಿಂತರೆ
ಆಟದಲ್ಲಿ ಔಟಾದ ಹುಡುಗನ ಹಾಗೆ.
ಹಗ್ಗದಾಚೆಯಿಂದ ಅವರು ಚೀಟಿ ಓದಿದರು, ಓದಿ
‘ಏನು ಭಟ್ರೆ, ಮೀನುಕೇರಿ ಪೂರ್ತಿ
ನಿಮ್ಮ ಪಂಕ್ತಿಗೆ ಬಂತಲ್ಲ’ ಎಂದರು.
ನಕ್ಕೆ. ಮಾಸ್ಕಿತ್ತು, ಕಾಣಲಿಲ್ಲ.
ಸೈಕಲ್ಲು ಹತ್ತಿದ ಮೇಲೆ
ಯಾಕೆ ನಕ್ಕೆ ಅನಿಸಿತು.

ದಿನಾ ಹನ್ನೊಂದಕ್ಕೆ
ಸಾರು ಕುದಿಯುವ ಹೊತ್ತಿಗೆ
ಕಿಟಕಿ ಹಾಕಿಕೊಳ್ಳುತ್ತಿದ್ದವ ನಾನು.
ಪಕ್ಕದ ಮನೆಯವಳ ಹೆಸರು ಸುಗಂಧಾ ತಾಂಡೇಲ.
ಆ ಹೆಸರಿಗೂ ಒಂದು ಕಾಲದಲ್ಲಿ
ಒಳಗೊಳಗೇ ನಕ್ಕವನೇ.

ಅವಳ ಬುಟ್ಟಿ ಜಗಲಿಯ ಮೇಲೆ ಬೋರಲು,
ಬುಟ್ಟಿಯ ಮೇಲೆ ಬೆಕ್ಕು.
ದೋಣಿಗಳೆಲ್ಲ ಬೈತಖೋಲದ ಧಕ್ಕೆಯಲ್ಲಿ
ಒಂದಕ್ಕೊಂದು ಕಟ್ಟಿಕೊಂಡು ಸುಮ್ಮನಿದ್ದವು.
‘ದಿನಾ ಬೇಳೆ ತಿಂದು ತಿಂದು
ನಿಮಗೆಲ್ಲ ಸಿಟ್ಟು ಬರೂದಿಲ್ವಾ?’
‘ಬಂದರೆ ಅಪ್ಪೆಹುಳಿ ಕುಡಿತೇವೆ.’
ಅವಳು ಯೋಚಿಸಿದಳು.
‘ಕುಡಿದರೆ ಹೋಗ್ತದ್ಯಾ?’
‘ಹೋಗೂದಿಲ್ಲ. ನಿದ್ದೆ ಬರ್ತದೆ.’

ಅವಳಿಗೆ ಬರೆಯಲು ಬಾರದು,
ಚೀಟಿ ಬಾಯಿಯದೇ.
ಅಲಸಂದೆ ಕಾಲು ಕಿಲೊ, ಮುರುಗಲು ಇದೆ, ಕಾಯಿ ಇದೆ,
ತೆಪ್ಪಳ ಬೇಕು, ಐದು ರೂಪಾಯಿಯದು.
ತೆಪ್ಪಳವೆಂದರೆ ನಮ್ಮ ಜುಮ್ಮನಕಾಯಿ.
ನನ್ನ ಅಮ್ಮ ತಂಬುಳಿಗೆ ಅರೆಯುತ್ತಿದ್ದುದು,
ಇವಳು ಬಾಂಗಡೆಗೆ ಜಜ್ಜಿ ಹಾಕುವುದು,
ಒಂದೇ ಮುಳ್ಳುಮರದ್ದು,
ನಾಲಗೆಗೆ ಅದೇ ಜುಮ್ಮು.
ಇಷ್ಟು ವರ್ಷ ಒಂದೇ ಗೋಡೆಯ ಎರಡು ಬದಿ.

ಅಂದು ಹನ್ನೊಂದಕ್ಕೆ ಕಿಟಕಿಯಲ್ಲಿ ಬಂದದ್ದು
ಬಾಂಗಡೆ ಇಲ್ಲದ ಬಾಂಗಡೆಸಾರು.
ಹಾಕಲು ಎದ್ದವ ಅಲ್ಲೇ ನಿಂತೆ.
ಅವಳ ಮೊಮ್ಮಗ ಸೋಹಮ್
ಕಣ್ಣು ಗಟ್ಟಿಯಾಗಿ ಮುಚ್ಚಿ ತುತ್ತಿಟ್ಟುಕೊಂಡ,
ಅಗಿದ, ತಡೆದ,
ಎರಡು ಬೆರಳಲ್ಲಿ ಬಾಯಿಂದ
ಇಲ್ಲದ ಮುಳ್ಳೊಂದನ್ನು ತೆಗೆದು
ತಾಟಿನ ಅಂಚಿಗೆ ಜೋಪಾನವಾಗಿ ಇಟ್ಟ.
ಬೆಕ್ಕು ಇಳಿದು ಬಂತು.
ಅಂಚನ್ನು ಮೂಸಿತು.
ಹುಡುಗನ ಮುಖ ನೋಡಿತು.

ಸಂಜೆ ನಾನೇ ಕೇಳಿದೆ,
ಮಾಜಾಳಿಗೆ ಮಾತ್ರೆಯ ಪಾರ್ಸೆಲ್ಲು ಒಯ್ಯುವುದಿದೆ,
ಅಲ್ಲಿ ನಿಮ್ಮವರು ಯಾರಾದರೂ?
ಅವಳ ತಂಗಿಯಿದ್ದಳು. ತಂಗಿಯ ಹತ್ತಿರ
ಹೋದ ವರ್ಷದ ಒಣಸಿಗಡಿಯಿತ್ತು.
ದಿನಪತ್ರಿಕೆಯಲ್ಲಿ ಸುತ್ತಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ,
ಮತ್ತೆ ದಿನಪತ್ರಿಕೆಯಲ್ಲಿ ಸುತ್ತಿ ಕೊಟ್ಟಳು.
ಜೀವಮಾನದಲ್ಲಿ ಮುಟ್ಟದ್ದನ್ನು
ರಿಜಿಸ್ಟರ್ಡ್ ಟಪಾಲಿನ ಖಾನೆಯಲ್ಲಿಟ್ಟು
ಕಾಳಿ ಸೇತುವೆ ದಾಟಿದೆ.
ಪೊಲೀಸಿನವ ತಡೆದ,
ಪಾಸು ನೋಡಿದ, ಚೀಲ ನೋಡಿದ,
ಮಾಸ್ಕು ಕೊಂಚ ಕೆಳಗೆ ಸರಿಸಿ ಉಸಿರೆಳೆದ.
ಅವನೂ ಕರಾವಳಿಯವನೇ ಇರಬೇಕು,
ಏನೂ ಹೇಳದೆ ಬಿಟ್ಟ.

ಆಮೇಲೆ ದೋಣಿ ಹೋದವು, ಮಳೆ ಬಂತು, ಚೀಟಿ ನಿಂತವು.
ಪಾಸ್ಕೋಲನ ಮನೆಗೆ ಸಕ್ಕರೆ ಬಂತೋ ಇಲ್ಲವೋ,
ಕೇಳುವ ಹಕ್ಕು ನನಗೀಗ ಇಲ್ಲ.
ಚೀಲವನ್ನು ಅಂಟುವಾಳದಲ್ಲಿ ಮೂರು ಸಲ ತೊಳೆದೆ,
ಬಿಸಿಲಿಲ್ಲದ ಆಷಾಢ, ಒಲೆಯ ಮೇಲೆ ಒಣಗಿಸಿದೆ.

ತಪಾಸಣೆಗೆ ಬಂದ ಇನ್‌ಸ್ಪೆಕ್ಟರು
ಚೀಲದೊಳಗೆ ಮುಖ ಹಾಕಿ, ಹಿಂದೆ ತೆಗೆದು,
‘ಏನ್ರೀ ಇದು?’ ಎಂದರು.

ಟಪಾಲು ಸಾರ್, ಎಂದೆ.